ಕೂತ ಗಾಡಿಗೆ ಗಾಳಿಯೋ ಸ್ಪ್ರಿಂಗೋ

ಹದಿನೈದು ವರ್ಷ ದಾಟಿದ ರೇಂಜ್ ರೋವರ್, ಲ್ಯಾಂಡ್ ರೋವರ್ ಡಿಸ್ಕವರಿ, ಮರ್ಸಿಡಿಸ್ ಜಿಎಲ್, ಆಡಿ ಕ್ಯೂ7 ಇಟ್ಟುಕೊಂಡವರಿಗೆ ಒಂದಲ್ಲ ಒಂದು ಬೆಳಿಗ್ಗೆ ಈ ಪ್ರಶ್ನೆ ಎದುರಾಗುತ್ತದೆ. ರಾತ್ರಿ ನೆಟ್ಟಗೆ ನಿಂತಿದ್ದ ಗಾಡಿ ಬೆಳಗಾಗುವಷ್ಟರಲ್ಲಿ ಒಂದು ಮೂಲೆಗೆ ವಾಲಿರುತ್ತದೆ, ಇಲ್ಲವೇ ಹಿಂಭಾಗ ಪೂರ್ತಿ ಕೂತುಬಿಟ್ಟಿರುತ್ತದೆ. ಸ್ಟಾರ್ಟ್ ಮಾಡಿದರೆ ಒಳಗೆಲ್ಲೋ ಕಂಪ್ರೆಸರ್ ಗುಂಯ್ಗುಟ್ಟುತ್ತದೆ, ಗಾಡಿ ನಿಧಾನಕ್ಕೆ ಏಳುತ್ತದೆ. ಕೆಲವು ತಿಂಗಳ ನಂತರ ಏಳುವುದೂ ನಿಲ್ಲುತ್ತದೆ.

ಆಗ ಎರಡು ಸಲಹೆಗಳು ಬರುತ್ತವೆ. ಶೋರೂಮಿನವರು ನಾಲ್ಕೂ ಮೂಲೆಯ ಏರ್ ಸಸ್ಪೆನ್ಷನ್, ಕಂಪ್ರೆಸರ್ ಎಲ್ಲ ಬದಲಿಸಬೇಕೆಂದು ದೊಡ್ಡ ಅಂದಾಜುಪಟ್ಟಿ ಕೊಡುತ್ತಾರೆ. ಹೆದ್ದಾರಿ ಬದಿಯ ಗ್ಯಾರೇಜಿನವನು "ಏರ್ ಕಿತ್ತಾಕಿ ಸ್ಪ್ರಿಂಗ್ ಕೂರಿಸ್ಬುಡೋಣ ಅಣ್ಣಾ, ತಲೆನೋವೇ ಇರಲ್ಲ" ಅನ್ನುತ್ತಾನೆ. ಇಬ್ಬರ ಮಾತೂ ಸುಳ್ಳಲ್ಲ. ಆದರೆ ಇಬ್ಬರೂ ಕೆಟ್ಟುಹೋದ ಭಾಗವನ್ನು ನೋಡಿ ಮಾತಾಡುತ್ತಿದ್ದಾರೆ. ಆ ಗಾಡಿಯಲ್ಲಿ ಯಾರು ಕೂರುತ್ತಾರೆ, ಎಷ್ಟು ಜನ ಕೂರುತ್ತಾರೆ, ಅದು ಯಾವ ರಸ್ತೆಯಲ್ಲಿ ಓಡುತ್ತದೆ ಎಂದು ಇಬ್ಬರೂ ಕೇಳಲಿಲ್ಲ. ನನ್ನ ಮಟ್ಟಿಗೆ ತೀರ್ಮಾನ ನಿಂತಿರುವುದು ಅಲ್ಲಿ. ಗಾಳಿಯೋ ಸ್ಪ್ರಿಂಗೋ ಎಂಬುದನ್ನು ಕೆಡುವ ಭಯದಿಂದ ನಿರ್ಧರಿಸಬಾರದು, ಹೊರುವ ಭಾರದಿಂದ ನಿರ್ಧರಿಸಬೇಕು.

ಭಾರದ ವಿಷಯ ಲೆಕ್ಕ ಹಾಕಿ ನೋಡಿದರೆ ತಿಳಿಯಾಗುತ್ತದೆ. ಕಾಯಿಲ್ ಸ್ಪ್ರಿಂಗ್ ಎಂದರೆ ಸುರುಳಿ ಸುತ್ತಿದ ಉಕ್ಕಿನ ಸರಳು. ಅದರ ಗಡಸುತನ ಹುಟ್ಟುವಾಗ ಎಷ್ಟಿತ್ತೋ ಅಷ್ಟೇ. ಉದಾಹರಣೆಗೆ, ಒಂದು ಮಿಲಿಮೀಟರ್ ಕುಗ್ಗಲು 40 ನ್ಯೂಟನ್ ಬಲ ಬೇಡುವ ಸ್ಪ್ರಿಂಗು ಹಿಂದಿನ ಎರಡು ಚಕ್ರಗಳ ಮೇಲೂ ಇದೆ ಎನ್ನೋಣ. ಮೂರನೇ ಸಾಲಿನಲ್ಲಿ ಜನ, ಡಿಕ್ಕಿಯಲ್ಲಿ ಸಾಮಾನು ಸೇರಿ ಹಿಂದಿನ ಆಕ್ಸಲ್ ಮೇಲೆ 300 ಕಿಲೋ ಹೆಚ್ಚಾಯಿತು. ಒಂದೊಂದು ಚಕ್ರಕ್ಕೆ 150 ಕಿಲೋ, ಅಂದರೆ ಸುಮಾರು 1,470 ನ್ಯೂಟನ್. ಗಾಡಿಯ ಹಿಂಭಾಗ 37 ಮಿಲಿಮೀಟರ್ ಕೆಳಗಿಳಿಯಿತು. ಮೂತಿ ಮೇಲೆದ್ದಿತು, ಹೆಡ್‌ಲೈಟ್ ಎದುರಿನವನ ಕಣ್ಣಿಗೆ ಹೊಡೆಯಿತು, ಹಿಂದಿನ ಚಕ್ರ ಗುಂಡಿಗೆ ಬಿದ್ದಾಗ ಕುಗ್ಗಲು ಉಳಿದ ಜಾಗವೂ ಅಷ್ಟು ಕಡಿಮೆಯಾಯಿತು. ಇದನ್ನು ತಪ್ಪಿಸಲು ಗಡುಸು ಸ್ಪ್ರಿಂಗ್ ಹಾಕಿದರೆ ಒಬ್ಬರೇ ಹೋಗುವಾಗ ಪ್ರತಿ ಉಬ್ಬೂ ಬೆನ್ನುಮೂಳೆಗೆ ತಿಳಿಯುತ್ತದೆ.

ಗಾಳಿ ಹಾಗಲ್ಲ. ದಾರ ಹೆಣೆದ ರಬ್ಬರಿನ ಚೀಲದೊಳಗೆ ಒತ್ತಡದ ಗಾಳಿ ಇರುತ್ತದೆ. ನಮ್ಮ ಕಡೆ ಅದಕ್ಕೆ ಬೆಲ್ಲೋ ಅನ್ನುತ್ತಾರೆ. ಭಾರ ಹೆಚ್ಚಿದಾಗ ಹೈಟ್ ಸೆನ್ಸರ್ ಅದನ್ನು ಗಮನಿಸುತ್ತದೆ, ಇನ್ನಷ್ಟು ಗಾಳಿ ತುಂಬುತ್ತದೆ, ಗಾಡಿ ಮೊದಲಿನ ಎತ್ತರಕ್ಕೆ ಬರುತ್ತದೆ. ಒತ್ತಡ ಹೆಚ್ಚಿದಷ್ಟೂ ಗಾಳಿ ತಾನೇ ಗಡಸಾಗುತ್ತದೆ. ಹಾಗಾಗಿ ಭಾರಕ್ಕೆ ತಕ್ಕ ಗಡಸುತನ ಆಯಾ ಹೊತ್ತಿಗೆ ಸಿಗುತ್ತದೆ. ಗಾಡಿಯ ಮೈ ಸೆಕೆಂಡಿಗೆ ಸರಿಸುಮಾರು ಒಂದರಿಂದ ಒಂದೂವರೆ ಸಲ ತೂಗಿದರೆ ಮನುಷ್ಯನಿಗೆ ಹಿತ. ಒಬ್ಬರು ಕೂತಾಗಲೂ ಏಳು ಜನ ಕೂತಾಗಲೂ ಆ ತೂಗಾಟವನ್ನು ಹೆಚ್ಚುಕಡಿಮೆ ಒಂದೇ ಹದದಲ್ಲಿ ಇಡುವುದು ಗಾಳಿಗೆ ಸಾಧ್ಯ, ಸಾಮಾನ್ಯ ಸ್ಪ್ರಿಂಗಿಗೆ ಸಾಧ್ಯವಿಲ್ಲ.

ಈ ಮಾತಿಗೆ ರೇಂಜ್ ರೋವರಿನ ಚರಿತ್ರೆಯೇ ಸಾಕ್ಷಿ. 1970ರಲ್ಲಿ ಬಂದ ಮೊದಲ ರೇಂಜ್ ರೋವರಿನಲ್ಲಿ ನಾಲ್ಕೂ ಕಡೆ ಕಾಯಿಲ್ ಸ್ಪ್ರಿಂಗ್ ಇತ್ತು. ಜೀಪುಗಳೆಲ್ಲ ಪಟ್ಟಿ ಸ್ಪ್ರಿಂಗಿನ ಮೇಲೆ ಕುಲುಕುತ್ತಿದ್ದ ಕಾಲದಲ್ಲಿ ಅದು ದೊಡ್ಡ ಸಂಗತಿ. ಆದರೆ ಅಷ್ಟು ಮೆತ್ತನೆಯ ಸ್ಪ್ರಿಂಗು ಭಾರಕ್ಕೆ ಕೂತುಬಿಡುತ್ತದೆ ಎಂದು ಅದನ್ನು ರೂಪಿಸಿದವರಿಗೆ ಗೊತ್ತಿತ್ತು. ಅದಕ್ಕೇ ಹಿಂದಿನ ಆಕ್ಸಲ್ ಮೇಲೆ ಬೋಗೆ ಕಂಪನಿಯ ಹೈಡ್ರೊಮ್ಯಾಟ್ ಎಂಬ, ತಾನೇ ಎತ್ತರ ಸರಿಪಡಿಸಿಕೊಳ್ಳುವ ಆಸರೆಯೊಂದನ್ನು ಇಟ್ಟರು. 1992ರಲ್ಲಿ ಅದೇ ಗಾಡಿಯ ಉದ್ದನೆಯ ಮಾದರಿಗೆ ನಾಲ್ಕೂ ಕಡೆ ಏರ್ ಬಂತು. 1994ರಲ್ಲಿ ಬಂದ ಎರಡನೇ ತಲೆಮಾರಿನ ರೇಂಜ್ ರೋವರ್, ಬಲ್ಲವರು ಪಿ38 ಎಂದು ಕರೆಯುವುದು, ಹುಟ್ಟಿನಿಂದಲೇ ಏರ್ ಗಾಡಿಯಾಯಿತು.

ಈಗ ಇದನ್ನು ತಮಿಳುನಾಡಿನ ಸೇಲಂ ಪಕ್ಕದ ನಮ್ಮ ಓಮಲೂರಿಗೆ ತನ್ನಿ. ಇಲ್ಲಿನ ಸುತ್ತಮುತ್ತಲ ಕನ್ನಡ ಮನೆಗಳಿಗೆ ಮಾದಪ್ಪನ ಬೆಟ್ಟ ದೂರದ್ದಲ್ಲ. ಮೇಚೇರಿ, ಮೆಟ್ಟೂರು, ಕೊಳತ್ತೂರು ದಾಟಿ ಪಾಲಾರ್ ಹತ್ತಿರ ಗಡಿ ಹಾಯ್ದರೆ ಕಾಡಿನ ದಾರಿ, ಆಮೇಲೆ ಬೆಟ್ಟದ ತಿರುವುಗಳು. ಹೋಗುವಾಗ ಅಜ್ಜಿ, ಅತ್ತೆ, ಮಕ್ಕಳು, ಅಡುಗೆ ಪಾತ್ರೆ, ಅಕ್ಕಿ ಚೀಲ ಎಲ್ಲ ಒಂದೇ ಗಾಡಿಯಲ್ಲಿ. ಮಾರನೆಯ ದಿನ ಅದೇ ಗಾಡಿಯಲ್ಲಿ ಯಜಮಾನರೊಬ್ಬರೇ ಸೇಲಂ ಬ್ಯಾಂಕಿಗೆ ಹೋಗುತ್ತಾರೆ. ಭಾರ ಹೀಗೆ ದಿನದಿಂದ ದಿನಕ್ಕೆ ಬದಲಾಗುವ ಮನೆಗೇ ಏರ್ ಸಸ್ಪೆನ್ಷನ್ ಹೇಳಿಮಾಡಿಸಿದ್ದು. ಹತ್ತುವಾಗ ಗಾಡಿ ಸುಮಾರು ಐದು ಸೆಂಟಿಮೀಟರ್ ತಗ್ಗುವುದು ಮೊಣಕಾಲು ನೋವಿನ ಅಜ್ಜಿಗೆ ಎಷ್ಟು ದೊಡ್ಡ ಉಪಕಾರ ಎಂಬುದನ್ನು ಅಂದಾಜುಪಟ್ಟಿ ಬರೆಯುವವರು ಯೋಚಿಸುವುದಿಲ್ಲ. ಕಲ್ಲು ಬಿದ್ದ ದಾರಿಯಲ್ಲಿ ಅಷ್ಟೇ ಎತ್ತರಕ್ಕೆ ಏಳುವುದು ಹೊಟ್ಟೆಯಡಿಯ ತಗಡನ್ನು ಉಳಿಸುತ್ತದೆ. ಸ್ಪ್ರಿಂಗ್ ಹಾಕಿದ ದಿನ ಇವೆರಡೂ ಹೋಗುತ್ತವೆ.

ಆದರೂ ಏರ್ ಎಂದರೆ ಜನ ಹೆದರುತ್ತಾರೆ. ಓಮಲೂರಿನಲ್ಲಿ ಈ ಹೆದರಿಕೆ ನನಗೆ ವಿಚಿತ್ರವಾಗಿ ಕಾಣುತ್ತದೆ, ಏಕೆಂದರೆ ಒತ್ತಡದ ಗಾಳಿಯನ್ನು ಈ ಸೀಮೆಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಸಂಕಗಿರಿ, ನಾಮಕ್ಕಲ್ ಲಾರಿಗಳ ತವರು. ಪ್ರತಿ ಲಾರಿಯ ಬ್ರೇಕೂ ಗಾಳಿಯದ್ದು. ಟ್ಯಾಂಕಿನಲ್ಲಿ ನಿಂತ ನೀರನ್ನು ಬಿಡಬೇಕು, ಏರ್ ಡ್ರೈಯರ್ ಕಾಲಕಾಲಕ್ಕೆ ಬದಲಿಸಬೇಕು, ಪೈಪಿನ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ ಸೋರಿಕೆ ನೋಡಬೇಕು ಎಂಬುದು ಇಲ್ಲಿನ ಲಾರಿ ಕ್ಲೀನರಿಗೂ ಗೊತ್ತು. ಬೆಂಗಳೂರಿನಿಂದ ಕೊಯಮತ್ತೂರಿಗೆ ಹೋಗುವ ಐರಾವತ ಬಸ್ಸುಗಳು ಓಮಲೂರು ದಾಟಿಯೇ ಹೋಗುತ್ತವೆ. ಹೊಸಕೋಟೆಯ ವೋಲ್ವೊ ಕಾರ್ಖಾನೆಯ ಬಸ್ಸುಗಳು 2001ರಿಂದ ನಮ್ಮ ರಸ್ತೆಗಳಿಗೆ ಬಂದವು. ಅವೂ ಬೆಲ್ಲೋ ಮೇಲೆಯೇ ತೇಲುತ್ತವೆ, ಹಗಲು ರಾತ್ರಿ ಓಡುತ್ತವೆ. ಬಸ್ಸಿಗೆ ಬಾಳಿಕೆ ಬರುವ ಗಾಳಿ ಕಾರಿಗೆ ಏಕೆ ಬರುವುದಿಲ್ಲ?

ಕಾರಣ ಬೆಲ್ಲೋದಲ್ಲಿ ಇಲ್ಲ, ಕಂಪ್ರೆಸರಿನಲ್ಲಿದೆ. ಬಸ್ಸಿನ ಕಂಪ್ರೆಸರನ್ನು ಇಂಜಿನ್ನೇ ತಿರುಗಿಸುತ್ತದೆ. ಬ್ರೇಕಿಗಾಗಿ ಹೇಗೂ ದೊಡ್ಡ ಕಂಪ್ರೆಸರ್, ದೊಡ್ಡ ಟ್ಯಾಂಕು ಬೇಕು. ಅದರಲ್ಲೇ ಸಸ್ಪೆನ್ಷನ್ನಿಗೂ ಗಾಳಿ ಸಿಗುತ್ತದೆ. ಅಲ್ಲೊಂದು ಇಲ್ಲೊಂದು ಸಣ್ಣ ಸೋರಿಕೆ ಇದ್ದರೂ ಅದಕ್ಕೆ ಲೆಕ್ಕವಿಲ್ಲ. ಕಾರಿನಲ್ಲಿರುವುದು ಬ್ಯಾಟರಿಯಿಂದ ಓಡುವ ಚಿಕ್ಕ ಮೋಟಾರು. ಪಿ38ರಲ್ಲಿ ಅದು ಸುಮಾರು 10 ಬಾರ್ ಒತ್ತಡಕ್ಕೆ ಗಾಳಿ ತುಂಬಬೇಕು, ಅಂದರೆ ಕಾರಿನ ಟೈರಿನ ಗಾಳಿಯ ನಾಲ್ಕು ಪಟ್ಟಿಗೂ ಹೆಚ್ಚು. ಸ್ವಲ್ಪ ಹೊತ್ತು ಓಡಿ ಬಹಳ ಹೊತ್ತು ವಿಶ್ರಾಂತಿ ಪಡೆಯಲೆಂದೇ ಅದನ್ನು ಮಾಡಿರುವುದು. ಬೆಲ್ಲೋದಲ್ಲಿ ಕೂದಲೆಳೆಯ ಬಿರುಕು ಬಿಟ್ಟರೆ ಅದರ ಪಾಡು ಸೋರುವ ಕೊಡಕ್ಕೆ ನೀರು ಸೇದುವವಳ ಪಾಡು. ಓಡುತ್ತಲೇ ಇರಬೇಕು, ಕಾಯುತ್ತದೆ, ಪಿಸ್ಟನ್ ರಿಂಗು ಸವೆಯುತ್ತದೆ, ಕಡೆಗೆ ಸುಡುತ್ತದೆ.

ಇದರ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ನಷ್ಟವಿದೆ. ಕಂಪ್ರೆಸರಿನ ಪಕ್ಕದ ಡ್ರೈಯರಿನಲ್ಲಿ ತೇವ ಹೀರುವ ಕಾಳುಗಳಿರುತ್ತವೆ. ಹೊರಗಿನ ಗಾಳಿ ಅದರ ಮೂಲಕ ಒಳಗೆ ಹೋಗುವಾಗ ತೇವ ಬಿಟ್ಟುಹೋಗುತ್ತದೆ. ಗಾಡಿ ತಗ್ಗುವಾಗ ಒಣಗಿದ ಗಾಳಿ ಅದೇ ಕಾಳುಗಳ ನಡುವೆ ಹೊರಬಂದು ಆ ತೇವವನ್ನು ಹೊತ್ತುಕೊಂಡು ಹೋಗುತ್ತದೆ. ಹೀಗೆ ಡ್ರೈಯರ್ ತನ್ನನ್ನು ತಾನೇ ಒಣಗಿಸಿಕೊಳ್ಳುತ್ತದೆ. ಸೋರುವ ಗಾಡಿಯಲ್ಲಿ ಗಾಳಿ ಹೊರಹೋಗುವುದು ಬಿರುಕಿನ ಮೂಲಕ, ಡ್ರೈಯರಿನ ಮೂಲಕ ಅಲ್ಲ. ಒಳಬಂದ ತೇವ ಅಲ್ಲೇ ಉಳಿಯುತ್ತದೆ, ಕಾಳು ನೆನೆದು ಪುಡಿಯಾಗುತ್ತದೆ, ಪುಡಿಯೂ ನೀರೂ ವಾಲ್ವ್ ಬ್ಲಾಕಿಗೆ ಹೋಗಿ ಸೇರುತ್ತವೆ. ಒಂದು ಬೆಲ್ಲೋದ ಸಣ್ಣ ಬಿರುಕು ಒಂದೇ ವರ್ಷದಲ್ಲಿ ಕಂಪ್ರೆಸರ್, ಡ್ರೈಯರ್, ವಾಲ್ವ್ ಮೂರನ್ನೂ ತಿನ್ನುವ ಬಗೆ ಇದು. ಹಾಗಾಗಿ ಸುಟ್ಟ ಕಂಪ್ರೆಸರನ್ನು ಮಾತ್ರ ಬದಲಿಸಿ ಬಿರುಕನ್ನು ಹಾಗೇ ಬಿಟ್ಟರೆ ಹೊಸ ಕಂಪ್ರೆಸರೂ ಅದೇ ದಾರಿ ಹಿಡಿಯುತ್ತದೆ. ಏರ್ ಸಸ್ಪೆನ್ಷನ್ನಿಗೆ ಅಂಟಿದ ಕೆಟ್ಟ ಹೆಸರಿನಲ್ಲಿ ದೊಡ್ಡ ಪಾಲು ಹೀಗೆ ಅರ್ಧಂಬರ್ಧ ಮಾಡಿದ ರಿಪೇರಿಯದ್ದು ಎಂದು ನಾನು ನಂಬುತ್ತೇನೆ.

ಬಸ್ಸಿಗೆ ಒಗ್ಗಿದ ಗಾಳಿ ಕಾರಿಗೆ ಒಗ್ಗದೆ ಹೋಗುವುದು ಅಮೆರಿಕದಲ್ಲೂ ನಡೆದಿತ್ತು. ಜನರಲ್ ಮೋಟಾರ್ಸ್ 1953ರಲ್ಲಿ ತನ್ನ ದೂರಪ್ರಯಾಣದ ಬಸ್ಸುಗಳಿಗೆ ಏರ್ ಸಸ್ಪೆನ್ಷನ್ ಹಾಕಿತು, ಬಸ್ಸಿನಲ್ಲಿ ಅದು ನೆಲೆನಿಂತಿತು. ಅದೇ ಕಂಪನಿ 1957ರಲ್ಲಿ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೌಮ್ ಕಾರಿಗೆ ಹಾಕಿದಾಗ ಸೋರಿಕೆ ಕಾಡಿತು, ಎಷ್ಟೋ ಮಾಲೀಕರು ಕಾಯಿಲ್ ಸ್ಪ್ರಿಂಗ್ ಹಾಕಿಸಿಕೊಂಡರು.

ನಮ್ಮ ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಸೇಲಂ ಸೀಮೆಯ ಬೇಸಿಗೆ 40 ಡಿಗ್ರಿ ಮುಟ್ಟುತ್ತದೆ, ಕಾಂಕ್ರೀಟ್ ಅಂಗಳದಲ್ಲಿ ಬಿಸಿಲಿಗೆ ನಿಂತ ಗಾಡಿಯ ಅಡಿಯಲ್ಲಿ ಇನ್ನೂ ಹೆಚ್ಚು. ರಬ್ಬರಿಗೆ ಬಿಸಿಲು ಶತ್ರು. ಓಮಲೂರಿಗೂ ಸೇಲಂಗೂ ನಡುವೆ ಮ್ಯಾಗ್ನಸೈಟ್ ಗಣಿಗಳ ಬಿಳಿ ಗುಡ್ಡಗಳಿವೆ. ಅಲ್ಲಿನ ನುಣುಪು ಧೂಳು ಬೆಲ್ಲೋದ ಮಡಿಕೆಯೊಳಗೆ ಹೋಗಿ ಕೂರುತ್ತದೆ. ಬೆಲ್ಲೋ ಕೆಲಸ ಮಾಡುವುದೇ ಆ ಮಡಿಕೆ ಮೇಲೆ ಕೆಳಗೆ ಉರುಳುವುದರಿಂದ. ಧೂಳು ಅಲ್ಲಿ ಉಜ್ಜುಕಾಗದದ ಕೆಲಸ ಮಾಡುತ್ತದೆ. ತಿಂಗಳಿಗೊಮ್ಮೆ ಗಾಡಿಯನ್ನು ಪೂರ್ತಿ ಎತ್ತರಕ್ಕೆ ಏರಿಸಿ ಮಡಿಕೆ ಬಿಚ್ಚಿಕೊಂಡಾಗ ಬರೀ ನೀರಿನಿಂದ ತೊಳೆದರೆ ಸಾಕು. ಈ ಸಣ್ಣ ಕೆಲಸಕ್ಕೆ ಖರ್ಚಿಲ್ಲ, ಬೆಲ್ಲೋದ ಆಯಸ್ಸು ಮಾತ್ರ ಹೆಚ್ಚುತ್ತದೆ. ಹಾಗೆಯೇ ವಾರಗಟ್ಟಲೆ ಗಾಡಿಯನ್ನು ಕೂರಿಸಿ ಇಡಬಾರದು. ಗಾಳಿ ಇಳಿದು ಮಡಚಿಕೊಂಡ ರಬ್ಬರು ಮಡಿಕೆಯ ಗೆರೆಯಲ್ಲೇ ಸೀಳುತ್ತದೆ.

ಉಕ್ಕಿಗೆ ಈ ಹವೆ ಒಗ್ಗುತ್ತದೆ. ಚಳಿದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ, ಅದು ತಾಗಿ ತುಕ್ಕು ಹಿಡಿದು ಕಾಯಿಲ್ ಸ್ಪ್ರಿಂಗು ಮುರಿಯುವುದುಂಟು. ನಮ್ಮ ಒಣ ಸೀಮೆಯಲ್ಲಿ ಆ ಕಾಟವಿಲ್ಲ. ಮೇಚೇರಿ ಪಕ್ಕದ ಪೊಟ್ಟನೇರಿಯ ಜೆಎಸ್‌ಡಬ್ಲ್ಯೂ ಕಾರ್ಖಾನೆಯಲ್ಲಿ ವಾಹನಗಳಿಗೆಂದೇ ವಿಶೇಷ ಉಕ್ಕು ತಯಾರಾಗುತ್ತದೆ, ಉಕ್ಕು ಅಂದರೆ ಏನೆಂದು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಒಳ್ಳೆಯ ಕಾಯಿಲ್ ಸ್ಪ್ರಿಂಗ್ ಹಾಕಿದರೆ ಗಾಡಿಯ ಉಳಿದ ಆಯಸ್ಸಿಗೆ ಅದರ ಯೋಚನೆ ಬೇಡ. ಸ್ಕ್ಯಾನರ್ ಬೇಡ, ಸೆನ್ಸರ್ ಬೇಡ. ಮಧ್ಯರಾತ್ರಿ ಧರ್ಮಪುರಿಯ ಹೊರಗೆ ಗಾಡಿ ಕೂತುಬಿಡುವ ಭಯವಿಲ್ಲ. ಈ ನೆಮ್ಮದಿಯನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ.

ತೊಪ್ಪೂರು ಘಾಟಿಯನ್ನು ನೆನೆದಾಗಂತೂ ಈ ನೆಮ್ಮದಿಯ ಬೆಲೆ ಗೊತ್ತಾಗುತ್ತದೆ. ಧರ್ಮಪುರಿಯಿಂದ ಸೇಲಂ ಕಡೆ ಇಳಿಯುವ ಆ ಇಳಿಜಾರಿನಲ್ಲಿ ಎಷ್ಟು ಲಾರಿಗಳು ಬ್ರೇಕ್ ಕಳೆದುಕೊಂಡು ಎಷ್ಟು ಜನರ ಪ್ರಾಣ ಹೋಗಿದೆ ಎಂದು ಈ ಭಾಗದ ಎಲ್ಲರಿಗೂ ಗೊತ್ತು. ಹಿಂದಿನಿಂದ ಭಾರದ ಲಾರಿ ಬರುತ್ತಿರುವಾಗ ಸಟ್ಟನೆ ಪಕ್ಕಕ್ಕೆ ತಿರುಗಿಸಬೇಕಾದರೆ ನಮ್ಮ ಗಾಡಿಯ ನಾಲ್ಕೂ ಚಕ್ರ ನೆಲ ಕಚ್ಚಿರಬೇಕು. ಗಾಳಿ ಹೋದ ಗಾಡಿ ರಬ್ಬರಿನ ಬಂಪ್ ಸ್ಟಾಪ್ ಮೇಲೆ ಕೂತಿರುತ್ತದೆ, ಚಕ್ರ ಮೇಲೆ ಸರಿಯಲು ಜಾಗವೇ ಇರುವುದಿಲ್ಲ. ಒಂದು ಉಬ್ಬು ಸಿಕ್ಕರೆ ಚಕ್ರವೇ ನೆಲ ಬಿಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಸಸ್ಪೆನ್ಷನ್ ದೀಪ ಹತ್ತಿ ಗಾಡಿ ಕೂತಿದ್ದರೆ ತೊಪ್ಪೂರು ಇಳಿಯಬೇಡಿ, ಯೇರ್ಕಾಡಿನ 20 ಹೇರ್‌ಪಿನ್ ತಿರುವುಗಳನ್ನೂ ಹತ್ತಬೇಡಿ. ಟೋಯಿಂಗ್ ಗಾಡಿಗೆ ಕೊಡುವ ಹಣ ದಂಡವಲ್ಲ.

ತೀರ್ಮಾನಕ್ಕೆ ಮೊದಲು ಸೋರಿಕೆ ಎಲ್ಲಿದೆ ಎಂದು ಮನೆಯಂಗಳದಲ್ಲೇ ಪತ್ತೆ ಮಾಡಬಹುದು. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ಟೇಪು ಹಿಡಿದು ಅಳತೆ ಬರೆದಿಡಿ. ಬೆಳಿಗ್ಗೆ ಮತ್ತೆ ಅಳೆಯಿರಿ. ಇಲ್ಲೊಂದು ಸೂಕ್ಷ್ಮ ಇದೆ. ಪಿ38, ಡಿಸ್ಕವರಿ 3 ಮೊದಲಾದ ಗಾಡಿಗಳ ಕಂಪ್ಯೂಟರು ಗಾಡಿ ನಿಂತಿದ್ದಾಗಲೂ ಕೆಲವು ಗಂಟೆಗಳಿಗೊಮ್ಮೆ ಎಚ್ಚರಗೊಂಡು, ಎಲ್ಲಕ್ಕಿಂತ ತಗ್ಗಿದ ಮೂಲೆಯ ಮಟ್ಟಕ್ಕೆ ಉಳಿದ ಮೂರನ್ನೂ ಇಳಿಸುತ್ತದೆ. ಒಂದೇ ಬೆಲ್ಲೋ ಸೋರುತ್ತಿದ್ದರೂ ನಾಲ್ಕೂ ಸೋರುವಂತೆ ಕಾಣುತ್ತದೆ. ನಾಲ್ಕೂ ಬದಲಿಸಿ ಎಂಬ ಸಲಹೆ ಎಷ್ಟೋ ಸಲ ಹುಟ್ಟುವುದು ಇಲ್ಲಿಂದ. ಅಳತೆಗೆ ಮೊದಲು ಸಸ್ಪೆನ್ಷನ್ನಿನ ಫ್ಯೂಸು ಅಥವಾ ರಿಲೇ ಕಿತ್ತಿಟ್ಟರೆ ಕಂಪ್ಯೂಟರು ಮಲಗಿರುತ್ತದೆ, ನಿಜವಾಗಿ ಸೋರುವ ಮೂಲೆ ಮಾತ್ರ ಕೂರುತ್ತದೆ. ಆ ಮೂಲೆಯ ಬೆಲ್ಲೋಗೂ ಪೈಪಿನ ಜಾಯಿಂಟಿಗೂ ಸೋಪಿನ ನೀರು ಸಿಂಪಡಿಸಿದರೆ ಗುಳ್ಳೆ ಏಳುವ ಜಾಗ ತಾನೇ ಹೇಳುತ್ತದೆ. ಎರಡು ಮೂಲೆ ಜೋಡಿಯಾಗಿ ಕೂತರೆ, ಬೆಲ್ಲೋಗಳಲ್ಲಿ ಗುಳ್ಳೆ ಇಲ್ಲದಿದ್ದರೆ, ವಾಲ್ವ್ ಬ್ಲಾಕನ್ನು ನೋಡಿ. ಕೆಲವೊಮ್ಮೆ ಜಾಯಿಂಟಿನ ಒಂದು ಓ-ರಿಂಗ್ ಬದಲಿಸಿದರೆ ಕೆಲಸ ಮುಗಿಯುತ್ತದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಏರ್ ಸಸ್ಪೆನ್ಷನ್ ಗಾಡಿಯ ಅಡಿಗೆ ಬರೀ ಜ್ಯಾಕ್ ನಂಬಿ ನುಗ್ಗಬೇಡಿ. ಗಾಡಿ ಯಾವ ಮುನ್ಸೂಚನೆಯೂ ಇಲ್ಲದೆ ಒಂದು ಗೇಣು ಕೆಳಗಿಳಿಯಬಲ್ಲದು. ಚಾಸಿಗೆ ಗಟ್ಟಿ ಸ್ಟ್ಯಾಂಡು ಕೊಟ್ಟು, ಒಳಗಿನ ಒತ್ತಡವನ್ನು ಬಿಟ್ಟ ಮೇಲೆಯೇ ಪೈಪು ಬಿಚ್ಚಬೇಕು. ಪಂಕ್ಚರ್ ಹಾಕುವ ಹುಡುಗನಿಗೂ ಇದು ಗೊತ್ತಿರುವುದಿಲ್ಲ. ಫೋಕ್ಸ್‌ವ್ಯಾಗನ್ ಟೂರೆಗ್, ಆಡಿ ಕ್ಯೂ7 ಗಾಡಿಗಳಲ್ಲಿ ಜ್ಯಾಕ್ ಮೋಡ್ ಎಂಬುದಿದೆ, ಮೊದಲು ಅದನ್ನು ಒತ್ತಿ ಸಸ್ಪೆನ್ಷನ್ನನ್ನು ಸುಮ್ಮನಾಗಿಸಿ, ಆಮೇಲೆ ಎತ್ತಲು ಹೇಳಿ.

ಇನ್ನು ಯಾವ ಗಾಡಿಗೆ ಏನು ಎಂಬುದು. ಕಂಪನಿಯೇ ಆ ಮಾದರಿಯನ್ನು ಎರಡೂ ಬಗೆಯಲ್ಲಿ ಮಾಡಿತ್ತೇ ಎಂದು ಮೊದಲು ತಿಳಿದುಕೊಳ್ಳಿ. 2004ರಲ್ಲಿ ಬಂದ ಡಿಸ್ಕವರಿ 3 ಕಾಯಿಲ್ ಸ್ಪ್ರಿಂಗಿನಲ್ಲೂ ಇತ್ತು, ಏರ್‌ನಲ್ಲೂ ಇತ್ತು. ಮೊದಲ ತಲೆಮಾರಿನ ಪೋರ್ಷೆ ಕಯೆನ್, ಫೋಕ್ಸ್‌ವ್ಯಾಗನ್ ಟೂರೆಗ್, ಆಡಿ ಕ್ಯೂ7, 2005ರ ನಂತರದ ಮರ್ಸಿಡಿಸ್ ಎಂಎಲ್ ಕೂಡ ಹಾಗೆಯೇ. ಇವುಗಳಿಗೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಅವುಗಳ ಅಳತೆ, ಕಂಪ್ಯೂಟರಿನ ಸಾಫ್ಟ್‌ವೇರು ಎಲ್ಲವನ್ನೂ ಕಂಪನಿಯೇ ಒಮ್ಮೆ ಕೂತು ಲೆಕ್ಕ ಹಾಕಿ ಜೋಡಿಸಿದೆ. ಆ ಜೋಡಣೆಯನ್ನೇ ತಂದು ಕೂರಿಸಿದರೆ ಗಾಡಿ ಗಾಡಿಯಾಗಿ ಉಳಿಯುತ್ತದೆ. ಡಿಸ್ಕವರಿ 3ರಲ್ಲಿ ಬೆಲ್ಲೋ ಮತ್ತು ಶಾಕ್ ಒಂದೇ ಕಂಬದಲ್ಲಿ ಕೂಡಿಕೊಂಡಿರುವುದರಿಂದ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಬೇರೆ ಯಾವುದೋ ಗಾಡಿಯ ಸ್ಪ್ರಿಂಗನ್ನು ಕತ್ತರಿಸಿ ಕೂರಿಸುವ ಗ್ಯಾರೇಜಿಗೆ ಗಾಡಿ ಕೊಡಬೇಡಿ.

ಎರಡನೇ ತಲೆಮಾರಿನ ರೇಂಜ್ ರೋವರ್, 2002ರಿಂದ 2012ರವರೆಗಿನ ಮೂರನೇ ತಲೆಮಾರು, 2006ರ ನಂತರದ ಮರ್ಸಿಡಿಸ್ ಜಿಎಲ್, ಇವು ಏರ್‌ಗಾಗಿಯೇ ಹುಟ್ಟಿದವು. ಇವುಗಳಲ್ಲಿ ಗಾಳಿಯನ್ನೇ ಉಳಿಸಿಕೊಳ್ಳಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮೂರನೇ ತಲೆಮಾರಿನ ರೇಂಜ್ ರೋವರ್ ಗುಂಡಿಬಿದ್ದ ದಾರಿಯಲ್ಲಿ ಎಡ ಬಲದ ಬೆಲ್ಲೋಗಳನ್ನು ಒಳಗೊಳಗೇ ಜೋಡಿಸಿಕೊಳ್ಳುತ್ತದೆ. ಒಂದು ಚಕ್ರ ಬಂಡೆಯ ಮೇಲೇರಿದರೆ ಅಲ್ಲಿನ ಗಾಳಿ ಇನ್ನೊಂದು ಚಕ್ರವನ್ನು ನೆಲಕ್ಕೊತ್ತುತ್ತದೆ. ಸ್ಪ್ರಿಂಗ್ ಹಾಕಿದರೆ ಈ ಗುಣ ಹೋಗುತ್ತದೆ. ಪಿ38 ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗ ದಾಟಿ ಸ್ವಲ್ಪ ಹೊತ್ತಾದ ಮೇಲೆ ತಾನೇ ತಗ್ಗಿ ಸ್ಥಿರವಾಗುತ್ತದೆ, ಅದೂ ಹೋಗುತ್ತದೆ. ಪಿ38ಕ್ಕೆ ಕಾಯಿಲ್ ಕಿಟ್ಟುಗಳು ಸಿಗುತ್ತವೆ, ಕೂರಿಸುವುದೂ ಸುಲಭ ಎಂಬುದು ನಿಜ. ಆದರೆ ಅದರ ಬೆಲ್ಲೋ ಶಾಕ್ ಅಬ್ಸಾರ್ಬರಿನಿಂದ ಪ್ರತ್ಯೇಕ, ರಿಪೇರಿಯೂ ಅಷ್ಟೇ ಸುಲಭ. ಮೂರನೇ ತಲೆಮಾರಿನಲ್ಲಿ ಹಿಂದಿನವು ಪ್ರತ್ಯೇಕ, ಮುಂದಿನವು ಶಾಕ್ ಜೊತೆ ಕೂಡಿದ ದುಬಾರಿ ಕಂಬಗಳು. ಖರ್ಚಿನ ಲೆಕ್ಕ ಹಾಕುವಾಗ ಮುಂದಿನ ಎರಡನ್ನು ಮೊದಲು ನೋಡಿ.

ಮಾಡಿದರೆ ಪೂರ್ತಿ ಮಾಡಿ. ಒಂದೇ ವಯಸ್ಸಿನ ಬೆಲ್ಲೋಗಳನ್ನು ಕನಿಷ್ಠ ಜೋಡಿಯಲ್ಲಿ ಬದಲಿಸಿ. ಅದರ ಜೊತೆ ಡ್ರೈಯರಿನ ಕಾಳು ಹೊಸದಾಗಲಿ, ಕಂಪ್ರೆಸರಿನ ರಿಂಗು, ವಾಲ್ವ್ ಬ್ಲಾಕಿನ ಓ-ರಿಂಗುಗಳೂ ಹೊಸದಾಗಲಿ. ಡಿಸ್ಕವರಿ 3ರಲ್ಲಿ ಮೊದಲು ಬರುತ್ತಿದ್ದ ಹಿಟಾಚಿ ಕಂಪ್ರೆಸರಿನ ಜಾಗದಲ್ಲಿ ಮುಂದೆ ಎಎಂಕೆ ಕಂಪನಿಯದ್ದು ಬಂತು. ಅದನ್ನು ಹಾಕಿದರೆ ಸಾಫ್ಟ್‌ವೇರನ್ನೂ ಬದಲಿಸಬೇಕು. ಇದಕ್ಕೆ ಆ ಗಾಡಿಯ ಭಾಷೆ ಬಲ್ಲ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಬೇಕು. ಲಾರಿ ಸೀಮೆಯಲ್ಲಿ ನಮಗಿರುವ ಕೊರತೆ ಇದೊಂದೇ. ಗಾಳಿಯ ಕೆಲಸ ಬಲ್ಲ ಕೈಗಳು ಇಲ್ಲೇ ಇವೆ, ಸ್ಕ್ಯಾನರಿಗೆ ಮಾತ್ರ ಬೆಂಗಳೂರು ಅಥವಾ ಕೊಯಮತ್ತೂರಿನ ಕಡೆ ನೋಡಬೇಕಾಗುತ್ತದೆ.

ಸ್ಪ್ರಿಂಗಿಗೆ ಬದಲಾಯಿಸುವವರು ಮರೆಯುವ ಒಂದು ವಿಷಯ ಹೆಡ್‌ಲೈಟು. ಈ ಗಾಡಿಗಳ ಕ್ಸೆನಾನ್ ದೀಪಗಳು ಸಸ್ಪೆನ್ಷನ್ನಿನ ಹೈಟ್ ಸೆನ್ಸರುಗಳಿಂದಲೇ ತಮ್ಮ ಕೋನ ತಿಳಿಯುತ್ತವೆ. ಸೆನ್ಸರ್ ಬಿಚ್ಚಿ ಎಸೆದರೆ ದೀಪ ಎತ್ತಲೋ ನೋಡುತ್ತದೆ, ಮೆಟ್ಟೂರು ರಸ್ತೆಯಲ್ಲಿ ಎದುರು ಬರುವ ಬೈಕ್ ಸವಾರನ ಕಣ್ಣು ಕತ್ತಲಾಗುತ್ತದೆ. ಅವನ ಪ್ರಾಣಕ್ಕೂ ನಾವೇ ಹೊಣೆ. ಸೆನ್ಸರುಗಳನ್ನು ಇದ್ದ ಜಾಗದಲ್ಲೇ ಉಳಿಸಿ, ದೀಪದ ಕೋನ ಹೊಂದಿಸಿಯೇ ಗ್ಯಾರೇಜಿನಿಂದ ಹೊರಡಿ.

ಕಾನೂನನ್ನೂ ಹೇಳಲೇಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಅಕ್ರಮ ಬದಲಾವಣೆಯೊಂದಕ್ಕೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಕಂಪನಿಯೇ ಕಾಯಿಲ್‌ನಲ್ಲೂ ಮಾರಿದ ಮಾದರಿಗೆ ಕಂಪನಿಯದೇ ಭಾಗ ಹಾಕುವುದಕ್ಕೂ, ಏರ್ ಬಿಟ್ಟು ಬೇರೆ ಬಗೆಯೇ ಇಲ್ಲದ ಗಾಡಿಗೆ ಹೊರಗಿನ ಕಿಟ್ ಕೂರಿಸುವುದಕ್ಕೂ ಈ ಕಣ್ಣಿನಲ್ಲಿ ದೊಡ್ಡ ವ್ಯತ್ಯಾಸವಿದೆ ಎಂದು ನನ್ನ ಅನಿಸಿಕೆ. ಆದರೂ ಕೆಲಸಕ್ಕೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಕರ್ನಾಟಕದ ನಂಬರಿನ ಗಾಡಿ ತಂದವರು 12 ತಿಂಗಳೊಳಗೆ ತಮಿಳುನಾಡಿನ ನೋಂದಣಿ ಮಾಡಿಸಿಕೊಳ್ಳಬೇಕು, 15 ವರ್ಷ ದಾಟಿದ್ದರೆ ನೋಂದಣಿ ನವೀಕರಣವೂ ಬರುತ್ತದೆ. ಎರಡಕ್ಕೂ ಗಾಡಿ ಅಧಿಕಾರಿಯ ಮುಂದೆ ನಿಲ್ಲಬೇಕು.

ಹಾಗಾದರೆ ಯಾರಿಗೆ ಯಾವುದು? ಒಬ್ಬಿಬ್ಬರೇ ಓಡಾಡುವವರು, ಭಾರ ಹೆಚ್ಚು ಬದಲಾಗದವರು, ಗಾಡಿಯನ್ನು ಶೆಡ್ಡಿನಲ್ಲಿ ವಾರಗಟ್ಟಲೆ ನಿಲ್ಲಿಸುವವರು ಕಾಯಿಲ್‌ಗೆ ಹೋಗಲಿ, ಅದೂ ಕಂಪನಿಯೇ ಕಾಯಿಲ್‌ನಲ್ಲಿ ಮಾಡಿದ ಮಾದರಿಯಾದರೆ. ತುಂಬಿದ ಮನೆಯವರು, ಬೆಟ್ಟಗುಡ್ಡಕ್ಕೆ ಹೋಗುವವರು ಗಾಳಿಯನ್ನೇ ಸರಿಮಾಡಿಸಿಕೊಳ್ಳಲಿ. ಅಷ್ಟು ಖರ್ಚು ಆಗದು ಎನ್ನುವವರು ಏರ್ ಗಾಡಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ಅದನ್ನು ವಿರೂಪ ಮಾಡುವ ಬದಲು ಮಿತ್ಸುಬಿಷಿ ಮಾಂಟೆರೊದಂತೆ ಹುಟ್ಟಿನಿಂದಲೇ ಸ್ಪ್ರಿಂಗ್ ಇರುವ ಗಾಡಿ ಹುಡುಕಲಿ. ಅದೂ ಒಳ್ಳೆಯ ಗಾಡಿಯೇ.

ಇನ್ನೂ ಕೊಂಡಿಲ್ಲದಿದ್ದರೆ, ನೋಡಲು ಹೋಗುವ ಹೊತ್ತನ್ನು ನೀವೇ ಆರಿಸಿಕೊಳ್ಳಿ. ಹಿಂದಿನ ರಾತ್ರಿಯಿಂದ ಸ್ಟಾರ್ಟ್ ಮಾಡದೆ ಬಿಡಲು ಮಾರುವವರಿಗೆ ಹೇಳಿ, ಬೆಳಿಗ್ಗೆ ಅಲ್ಲಿರಿ. ಕೂತಿದೆಯೇ ನೋಡಿ, ನಾಲ್ಕೂ ಮೂಲೆ ಅಳೆಯಿರಿ. ಸ್ಟಾರ್ಟ್ ಮಾಡಿಸಿ, ಕೆಳಮಟ್ಟದಿಂದ ಮೇಲ್ಮಟ್ಟಕ್ಕೆ ಏರಿಸಿ, ಇಳಿಸಿ, ಮತ್ತೆ ಏರಿಸಿ. ಕಂಪ್ರೆಸರ್ ಎಷ್ಟು ಹೊತ್ತು ಓಡುತ್ತದೆ, ಎರಡನೇ ಸಲ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆಯೇ, ಮುಟ್ಟಲಾಗದಷ್ಟು ಕಾಯುತ್ತದೆಯೇ ಎಂದು ಗಮನಿಸಿ. ಹಿಂದೆ ಮೂವರನ್ನು ಕೂರಿಸಿಕೊಂಡು ಹೊರಡಿ, ಒಂದೆರಡು ಕಿಲೋಮೀಟರ್ ಆದ ಮೇಲೆ ಇಳಿದು ಹಿಂಭಾಗದ ಎತ್ತರ ಮತ್ತೆ ಅಳೆಯಿರಿ. ಯಾರಾದರೂ ಆಗಲೇ ಸ್ಪ್ರಿಂಗ್ ಹಾಕಿಸಿದ್ದರೆ ಅದರ ಬಿಲ್ಲು, ಭಾಗಗಳ ನಂಬರು, ಬಿಚ್ಚಿಟ್ಟ ಹಳೆಯ ಭಾಗಗಳು ಇವೆಯೇ ಕೇಳಿ. ಇಲ್ಲ ಅಂದರೆ ಆ ಕೆಲಸವನ್ನು ಮೊದಲಿನಿಂದ ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಿಗೆ ಕೂರಿ.